ಕಾವಿಗೆ ಬಂದ ಹೇಂಟೆ

ಹೇಂಟೆ ಕಾವಿಗೆ ಬಂದದ್ದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಿನ್ನೆಯವರೆಗೆ ಮೊಟ್ಟೆ ಇಟ್ಟ ಸುದ್ದಿಯನ್ನು ಕೇರಿಗೆಲ್ಲ ಸಾರಿ ತಿಪ್ಪೆಗೆ ಓಡುತ್ತಿದ್ದದ್ದು ಇವತ್ತು ಕೂತ ಜಾಗ ಬಿಟ್ಟು ಏಳುವುದಿಲ್ಲ. ಕೈ ಹತ್ತಿರ ಒಯ್ದರೆ ಮೈಯ ಪುಕ್ಕವನ್ನೆಲ್ಲ ನಿಗುರಿಸಿ, ಗಂಟಲಲ್ಲೇ ಗೊರ್ರೆಂದು ಮಣಿಕಟ್ಟಿಗೇ ಕುಕ್ಕುತ್ತದೆ. ಕೆಳಗೆ ಒಂದು ಮೊಟ್ಟೆಯೂ ಇಲ್ಲದಿದ್ದರೂ ಬರೀ ಹುಲ್ಲಿನ ಮೇಲೆ ಪಟ್ಟು ಹಿಡಿದು ಕೂತಿರುತ್ತದೆ. ಮರಿ ಬೇಡ ಅನ್ನುವವರು ಅದನ್ನು ತಣ್ಣೀರಿನಲ್ಲಿ ಅದ್ದುತ್ತಾರೆ, ಮೂಗಿನ ಹೊಳ್ಳೆಗೆ ಪುಕ್ಕ ತೂರಿಸಿ ಬಿಡುತ್ತಾರೆ. ಕಾವು ಇಳಿದು ಬೇಗ ಮೊಟ್ಟೆಗೆ ಬರಲಿ ಅಂತ. ನನಗೆ ಅದನ್ನು ನೋಡುವುದಕ್ಕಾಗುವುದಿಲ್ಲ. ಕೂರುತ್ತೇನೆ ಅಂತ ಅದು ಇಷ್ಟು ಗಟ್ಟಿಯಾಗಿ ಹೇಳುವಾಗ ಕೂರಲು ಬಿಡುವುದೇ ಸರಿ.

ಲೆಕ್ಕ ಹಾಕುವವರ ಕಣ್ಣಿಗೆ ನಾಟಿ ಹೇಂಟೆ ದಂಡ. ಫಾರಂನ ಲೆಗ್‌ಹಾರ್ನ್ ವರ್ಷಕ್ಕೆ 300ರ ಹತ್ತಿರ ಮೊಟ್ಟೆ ಇಟ್ಟರೆ ನಮ್ಮ ಹಿತ್ತಲಿನದು 50, 60, ಬಹಳವೆಂದರೆ 80. ಅದಕ್ಕೊಂದು ಮುಖ್ಯ ಕಾರಣ ಕಾವೇ. ಪ್ರೊಲಾಕ್ಟಿನ್ ಎಂಬ ಹಾರ್ಮೋನು ಮೈಯಲ್ಲಿ ಏರಿತೆಂದರೆ ಮೊಟ್ಟೆ ನಿಲ್ಲುತ್ತದೆ, ಕೂರುವ ಹಟ ಹುಟ್ಟುತ್ತದೆ. ಲೆಗ್‌ಹಾರ್ನ್‌ನಲ್ಲಿ ಆ ಹಟವನ್ನು ತಲೆಮಾರಿನಿಂದ ತಲೆಮಾರಿಗೆ ಆರಿಸಿ ಆರಿಸಿ ಕಳೆದುಬಿಟ್ಟಿದ್ದಾರೆ. ಉಳಿದಿರುವುದು ನಮ್ಮ ನಾಟಿಯಂಥವುಗಳಲ್ಲಿ. ಕಾವಿನ ಮೂರು ವಾರ, ಮರಿ ಸಾಕುವ ಎರಡು ತಿಂಗಳು, ಇಷ್ಟೂ ನಷ್ಟದ ಬಾಬ್ತಿಗೆ ಹೋಗುತ್ತದೆ. ಆ ದಿನಗಳಲ್ಲಿ ಅದು ಮಾಡುವ ಕೆಲಸ ಮಾತ್ರ ಯಾವ ಬಾಬ್ತಿಗೂ ಹೋಗುವುದಿಲ್ಲ.

ನಮ್ಮವ್ವ ಕೂರಿಸುವ ಕ್ರಮ ಹೀಗೆ. ಹಳೆಯ ಮಂಕರಿಯ ತಳಕ್ಕೆ ಒಲೆಯ ಬೂದಿ, ಮೇಲೆ ಬತ್ತದ ಹುಲ್ಲು, ನಡುವೆ ಒಣಗಿದ ಬೇವಿನೆಲೆ. ಕೋಳಿಹೇನು ಹತ್ತಿದರೆ ಎಂಥ ಹೇಂಟೆಯೂ ಅರ್ಧಕ್ಕೇ ಎದ್ದುಬಿಡುತ್ತದೆ. ವಾರದೊಳಗಿನ ಮೊಟ್ಟೆಯೇ ಆಗಬೇಕು, ಅದನ್ನು ತೊಳೆಯಬಾರದು. ರೆಕ್ಕೆಯಡಿ ಹಿಡಿಸುವಷ್ಟೇ ಇಡಬೇಕು, ಅದೂ ಬೆಸ ಸಂಖ್ಯೆಯಲ್ಲಿ. ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಪಕ್ಕದಲ್ಲೊಂದು ಇದ್ದಿಲ ಚೂರು, ಒಂದು ಕಬ್ಬಿಣದ ಮೊಳೆ. ಇಷ್ಟಾದ ಮೇಲೆ ಕತ್ತಲಾದಾಗ ಹೇಂಟೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಕೂರಿಸುತ್ತಾಳೆ. ಹಗಲಲ್ಲಿ ಜಾಗ ಬದಲಿಸಿದರೆ ಅದು ಒಪ್ಪುವುದಿಲ್ಲ.

“ಇನ್ ಮುಟ್ಬೇಡ ಮಗಾ, ಅದರ ಕೆಲ್ಸ ಅದು ನೋಡ್ಕತದೆ,” ಅನ್ನುತ್ತಾಳೆ ಅವ್ವ.

ಆ ಕೆಲಸವನ್ನು ಹತ್ತಿರದಿಂದ ನೋಡಬೇಕು. ಕಾವಿನ ಹೇಂಟೆಯ ಹೊಟ್ಟೆಯಡಿ ಪುಕ್ಕ ಉದುರಿ ಚರ್ಮ ಬೆತ್ತಲಾಗಿರುತ್ತದೆ. ಅಲ್ಲಿ ರಕ್ತನಾಳಗಳು ಹೆಚ್ಚಿ, ಮುಟ್ಟಿದರೆ ಜ್ವರ ಬಂದ ಮೈಯಷ್ಟು ಬಿಸಿ. ಆ ಬಿಸಿ ನೇರ ಚಿಪ್ಪಿಗೆ ತಾಗಬೇಕು. ದಿನಕ್ಕೆ ಎಷ್ಟೋ ಸಲ ಕೊಕ್ಕನ್ನು ಹೊಟ್ಟೆಯಡಿಗೆ ತೂರಿ ಮೊಟ್ಟೆಗಳನ್ನು ಹೊರಳಿಸುತ್ತದೆ. ಅಂಚಿನದನ್ನು ನಡುವಿಗೆ ಎಳೆದುಕೊಳ್ಳುತ್ತದೆ. ಹೊರಳಿಸದಿದ್ದರೆ ಒಳಗಿನ ಜೀವ ಪೊರೆಗೆ ಅಂಟಿಕೊಳ್ಳುತ್ತದೆ. ದಿನಕ್ಕೊಮ್ಮೆ ಎದ್ದು, ಗಬಗಬ ನುಚ್ಚು ತಿಂದು, ನೀರು ಕುಡಿದು, ಮೂಗು ಮುಚ್ಚುವಂಥ ದೊಡ್ಡ ಹಿಕ್ಕೆ ಹಾಕಿ, ಮಣ್ಣಲ್ಲಿ ಒಮ್ಮೆ ಮಿಂದು ವಾಪಸು ಓಡುತ್ತದೆ. ಮೊಟ್ಟೆ ಆರುವಷ್ಟು ಹೊತ್ತು ಹೊರಗೆ ನಿಲ್ಲುವುದಿಲ್ಲ.

ಏಳನೆಯ ರಾತ್ರಿ ಮೊಟ್ಟೆಗೆ ಟಾರ್ಚ್ ಹಿಡಿದರೆ ಒಳಗೆ ಕೆಂಪು ನರಗಳು ಕವಲೊಡೆದಿರುತ್ತವೆ, ನಡುವೆ ಒಂದು ಕಪ್ಪು ಚುಕ್ಕೆ ಮಿಡುಕುತ್ತದೆ. ಏನೂ ಕಾಣದೆ ತಿಳಿಯಾಗಿದ್ದರೆ ಅದು ಗೊಡ್ಡು, ತೆಗೆದುಬಿಡಬಹುದು. ಹದಿನೆಂಟರ ನಂತರ ಹೇಂಟೆ ಹೊರಳಿಸುವುದನ್ನು ನಿಲ್ಲಿಸುತ್ತದೆ. ಮರಿ ಮೊಟ್ಟೆಯ ದಪ್ಪ ತುದಿಯ ಗಾಳಿಯ ಜಾಗಕ್ಕೆ ಕೊಕ್ಕು ಚುಚ್ಚಿ ಉಸಿರೆಳೆಯುತ್ತದೆ, ಒಳಗಿಂದಲೇ ಚಿಂವ್ ಅನ್ನುತ್ತದೆ. ಕೇಳಿದ ಹೇಂಟೆ ಮೆಲ್ಲಗೆ ಲೊಕ್ ಲೊಕ್ ಎಂದು ಉತ್ತರ ಕೊಡುತ್ತದೆ. ತಾಯಿಯ ಮುಖ ನೋಡುವ ಮೊದಲೇ ದನಿಯ ಗುರುತಾಗಿರುತ್ತದೆ. ಯಾವ ಯಂತ್ರದ ಪೆಟ್ಟಿಗೆಯಲ್ಲೂ ಈ ಮಾತುಕತೆ ಇಲ್ಲ, ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಇಪ್ಪತ್ತೊಂದನೆಯ ದಿನ ಚಿಪ್ಪು ಬಿರಿಯುತ್ತದೆ. ಬಿರಿದು ಗಂಟೆಗಟ್ಟಲೆ ಹಾಗೇ ನಿಂತರೆ ಸಿಪ್ಪೆ ಬಿಡಿಸಿ ಕೊಡೋಣ ಅಂತ ಕೈ ತುರಿಸುತ್ತದೆ. ಕೊಡಬಾರದು. ಉಳಿದ ಭಂಡಾರ ಮರಿಯ ಹೊಟ್ಟೆಯೊಳಗೆ ಸೇರಿಕೊಳ್ಳಲು, ಪೊರೆಯ ನಾಳಗಳು ಒಣಗಲು ಹೊತ್ತು ಬೇಕು. ಆತುರಪಟ್ಟರೆ ರಕ್ತ ಜಿನುಗಿ ಮರಿ ಸಾಯುತ್ತದೆ. ಆ ಭಂಡಾರದ ಬಲದಿಂದಲೇ ಮೊದಲು ಹುಟ್ಟಿದವು ಒಂದೆರಡು ದಿನ ಕಾಳು ನೀರಿಲ್ಲದೆ ರೆಕ್ಕೆಯಡಿ ಇರಬಲ್ಲವು. ಅಷ್ಟರಲ್ಲಿ ಹಿಂದುಳಿದವೂ ಹೊರಬರುತ್ತವೆ.

ಅಲ್ಲಿಂದ ಮುಂದೆ ಮರಿಗಳಿಗೆ ಬಿಸಿ ಕೊಡುವ ಬಲ್ಬೂ ಹೇಂಟೆಯೇ, ಕಾವಲೂ ಅದೇ, ಪಾಠಶಾಲೆಯೂ ಅದೇ. ಗೆದ್ದಲು ಸಿಕ್ಕರೆ ತಾನು ನುಂಗುವುದಿಲ್ಲ. ಕೊಕ್ಕಿನಲ್ಲಿ ಎತ್ತಿ, ಬೀಳಿಸಿ, ಮತ್ತೆ ಎತ್ತಿ ತೋರಿಸುತ್ತದೆ. ಮೇಲೆ ಹದ್ದು ಸುಳಿದರೆ ಒಂದು ಕೂಗು, ನೆಲದ ಮೇಲೆ ನಾಯಿ ಬಂದರೆ ಬೇರೆ ಕೂಗು. ಮೊದಲನೆಯದಕ್ಕೆ ಮರಿಗಳು ಬೇಲಿ ಬುಡ ಸೇರಿ ಅಲ್ಲಾಡದೆ ಕೂತುಬಿಡುತ್ತವೆ. ಆದರೂ ಕಾಗೆ, ಮುಂಗುಸಿ ತಮ್ಮ ಪಾಲು ಒಯ್ಯುತ್ತವೆ. ಕೊಕ್ಕರೆ ರೋಗ ಬಂದರಂತೂ ತಾಯಿ ಏನೂ ಮಾಡಲಾರದು. ಅದಕ್ಕೆ ಹನಿ ಲಸಿಕೆ ಹಾಕಿಸುವುದು ನಮ್ಮ ಕೆಲಸ, ಮೊದಲ ವಾರದಲ್ಲೇ ಆಗಬೇಕು.

ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜ ಕೋಳಿ ಹಳ್ಳಿಗಳಿಗೆ ಬಂದಾಗ ಅದರ ಮೈಕಟ್ಟಿಗೆ ಎಲ್ಲರೂ ಬೆರಗಾದರು. ಆದರೆ ಅದಕ್ಕೆ ಕಾವು ಕೂರುವುದು ಬಾರದು. ಆದ್ದರಿಂದ ಅದರ ಮೊಟ್ಟೆಯೂ ನಾಟಿಯ ಹೊಟ್ಟೆಯಡಿಗೇ ಬರುತ್ತದೆ. ಹೇಂಟೆ ಭೇದ ಮಾಡುವುದಿಲ್ಲ, ಬಾತುಕೋಳಿಯ ಮೊಟ್ಟೆ ಇಟ್ಟರೆ ಇಪ್ಪತ್ತೆಂಟು ದಿನವೂ ಕೂರುತ್ತದೆ.

ನಮ್ಮ ಕಡೆ ಒಬ್ಬರ ಮನೆಯ ಮೊಟ್ಟೆ, ಇನ್ನೊಬ್ಬರ ಮನೆಯ ಕಾವು ಆದರೆ ಅದು ಪಾಲಿನ ಲೆಕ್ಕ. ಸೆರಗಿನಲ್ಲಿ ಮೊಟ್ಟೆ ಕಟ್ಟಿಕೊಂಡು ಬಂದವಳಿಗೆ ಅವ್ವ ಬಾಗಿಲಲ್ಲೇ ಕರಾರು ಹೇಳಿಬಿಡುತ್ತಾಳೆ. ಎದ್ದ ಮರಿಗಳಲ್ಲಿ ಅರ್ಧ ಮೊಟ್ಟೆಯವರಿಗೆ, ಅರ್ಧ ಹೇಂಟೆಯ ಮನೆಗೆ. ಗೊಡ್ಡು ಬಿದ್ದರೆ ಇಬ್ಬರೂ ಮಾತಾಡಬಾರದು. ಪಾಲು ಹಂಚುವುದು ಹುಟ್ಟಿದ ದಿನವಲ್ಲ, ತಾಯಿ ತಾನಾಗಿ ಕುಕ್ಕಿ ಮರಿಗಳನ್ನು ದೂರ ಅಟ್ಟಿದ ಮೇಲೆ. ಅಲ್ಲಿಯವರೆಗೆ ನುಚ್ಚಿನ ಖರ್ಚು ನಮ್ಮದು.