ಆಯೇರಿಗೊಂದು ಪಟ

ಅಗಸಿ ಎಣ್ಣೆ ಆರುವುದು ಒದ್ದೆ ಬಟ್ಟೆ ಆರಿದಂತೆ ಅಲ್ಲ. ಬಟ್ಟೆಯ ನೀರು ಆವಿಯಾಗಿ ಹೋಗುತ್ತದೆ. ಎಣ್ಣೆ ಎಲ್ಲಿಗೂ ಹೋಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಕುಡಿದು, ಇದ್ದಲ್ಲೇ ಬಿಗಿಯುತ್ತ ಗಟ್ಟಿಯಾಗುತ್ತದೆ. ನಾವು ರೊಟ್ಟಿಗೆ ಹಚ್ಚಿಕೊಂಡು ತಿನ್ನುವ ಅಗಸಿ ಹಿಂಡಿಗೂ ಯೂರೋಪಿನ ಅರಮನೆಗಳ ಗೋಡೆಯ ತೈಲವರ್ಣದ ಚಿತ್ರಗಳಿಗೂ ಮೂಲ ಒಂದೇ ಕಾಳು. ಈ ಎಣ್ಣೆಯ ಬಣ್ಣ ಮೇಲೆ ಮುಟ್ಟಿದರೆ ಬೆರಳಿಗೆ ಹತ್ತದಿದ್ದರೂ ಒಳಗೆ ತಿಂಗಳುಗಟ್ಟಲೆ ಹಸಿ ಇರುತ್ತದೆ. ಮುಹೂರ್ತ ನೋಡಿ ಕೊಡಬೇಕಾದ ಉಡುಗೊರೆಗೆ ಇದಕ್ಕಿಂತ ಒಗ್ಗದ ವಸ್ತು ಇರಲಾರದು. ಆದರೂ ಅಕ್ಕನ ಹೊಸ ಮನೆಗೆ ತೈಲವರ್ಣದ ಪಟವನ್ನೇ ಕೊಡಬೇಕೆಂದು ಹಟ ಹಿಡಿದೆ.

ರಾಯಚೂರಿನಿಂದ ಗುಂತಕಲ್ ಕಡೆ ಹೋಗುವ ರೈಲು ತುಂಗಭದ್ರೆ ದಾಟುವ ಮೊದಲು ಸಿಗುವ ಸಣ್ಣ ಸ್ಟೇಷನ್ ಮಟಮಾರಿ. ಮುಂಬೈ ಕಡೆಯ ಹಳಿ, ಮದ್ರಾಸ್ ಕಡೆಯ ಹಳಿ ರಾಯಚೂರಿನಲ್ಲಿ ಬಂದು ಕೂಡಿದ್ದು 1871ರಲ್ಲಿ. ಅಂದಿನಿಂದ ದೂರದೂರದ ಗಾಡಿಗಳು ಈ ಊರನ್ನು ನೋಡಿಯೂ ನೋಡದಂತೆ ಓಡುತ್ತಿವೆ. ಅಕ್ಕನನ್ನು ಕೊಟ್ಟದ್ದು ಇಲ್ಲಿಗೆ. ಅವಳು ಬಾಳಿದ ಮಣ್ಣಿನ ಮಾಳಿಗೆಯ ಮನೆ ಬಿದ್ದು, ಆ ಜಾಗದಲ್ಲಿ ಸ್ಲ್ಯಾಬಿನ ಮನೆ ಎದ್ದಿತು. ಹಳೆ ಮನೆಯನ್ನು ಕ್ಯಾನ್ವಾಸಿನ ಮೇಲೆ ನಿಲ್ಲಿಸೋಣ ಎಂಬುದು ನನ್ನ ಲೆಕ್ಕ.

ಮನೆಯ ಫೋಟೋ ಒಂದೂ ಸಿಗಲಿಲ್ಲ. ಇದ್ದವೆಲ್ಲ ಮದುವೆ, ಕುಬಸದ ಫೋಟೋಗಳು. ಮಂದಿಯ ಹಿಂದೆ ಮನೆ ಮರೆಯಾಗಿತ್ತು. ಹಾಗಾಗಿ ಕೇಳಿ ಕೇಳಿ ಬರೆಯಬೇಕಾಯಿತು. ಬೇವಿನ ಗಿಡ ಬಾಗಿಲಿನ ಬಲಕ್ಕಿತ್ತು ಎಂದು ಮಾವ; ಎಡಕ್ಕಿತ್ತು, ಅದರ ನೆರಳಲ್ಲೇ ತಾನು ಕಾಳು ಹಸನು ಮಾಡುತ್ತಿದ್ದೆ ಎಂದು ಅಕ್ಕ. ಕಟ್ಟೆ ಇನ್ನೂ ಎತ್ತರವಿತ್ತೆಂದು ಒಬ್ಬರು. ಅವರು ಅದನ್ನು ನೋಡಿದ್ದು ಸಣ್ಣವರಿದ್ದಾಗ. ಅಕ್ಕನ ಮಗಳಿಗೆ ಗ್ವಾದ್ಲಿಯಲ್ಲಿ ಕರು ಬೇಕೇ ಬೇಕು. ತೈಲವರ್ಣ ಇಂಥ ತಕರಾರುಗಳನ್ನು ತಡೆದುಕೊಳ್ಳುತ್ತದೆ, ಒಂದು ಷರತ್ತಿನ ಮೇಲೆ: ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಮೇಲಿನ ಪದರಕ್ಕೆ ಹೆಚ್ಚು. ಇದು ತಿರುಗುಮುರುಗಾದರೆ ಮೇಲಿನದು ಮೊದಲು ಬಿಗಿದು, ಕೆಳಗಿನದು ಆಮೇಲೆ ಮಿಸುಕಾಡಿ, ಬಣ್ಣ ಬಿರಿಯುತ್ತದೆ. ಮಾವನ ಬೇವು ಟರ್ಪಂಟೈನ್ ಬೆರೆಸಿದ ತೆಳುಬಣ್ಣದಲ್ಲಿ ತಳಕ್ಕೆ ಹೋಯಿತು. ಅಕ್ಕನ ಬೇವು ಎಣ್ಣೆ ಕುಡಿದು ಮೇಲೆ ಕೂತಿತು. ಪಟದಲ್ಲಿ ಎರಡೂ ಗಿಡ ಇವೆ, ಕಾಣುವುದು ಒಂದೇ. ನಿಜವಾದ ಗಿಡ ಎಲ್ಲಿತ್ತೆಂಬ ಹುಡುಕಾಟವನ್ನು ಅಲ್ಲಿಗೆ ಬಿಟ್ಟೆ. ಇಪ್ಪತ್ತು ವರ್ಷ ಆ ನೆರಳಲ್ಲಿ ಕೂತವಳು ಹೇಳಿದ ಕಡೆಯೇ ಗಿಡ.

ನಮ್ಮ ರಾಯಚೂರು ದೋಆಬಿನ ಎರಿ ಹೊಲವನ್ನು ಬರೀ ಕಪ್ಪು ಬಣ್ಣದಲ್ಲಿ ಬರೆದರೆ ಡಾಂಬರಿನಂತೆ ಸತ್ತುಹೋಗುತ್ತದೆ. ಬರ್ಂಟ್ ಅಂಬರಿಗೆ ಅಲ್ಟ್ರಾಮರೀನ್ ನೀಲಿ ಕೂಡಿಸಿದಾಗ ಮಳೆ ಬಿದ್ದ ಎರಿಯ ಕಪ್ಪು ಬರುತ್ತದೆ. ಮಸಾರಿಯ ಕೆಂಪಿಗೆ ಬರ್ಂಟ್ ಸಿಯೆನ್ನಾ ಸಾಕು. ಈ ಅಂಬರ್, ಸಿಯೆನ್ನಾಗಳೂ ಮೂಲತಃ ಮಣ್ಣೇ. ಅಂಬರಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಎಣ್ಣೆಯನ್ನು ಬೇಗ ಆರಿಸುತ್ತದೆ. ಎಲುಬಿನ ಕಪ್ಪು ವಾರ ಕಳೆದರೂ ಕೈಗೆ ಹತ್ತುತ್ತದೆ. ಏಪ್ರಿಲ್ ಬಿಸಿಲು ನನ್ನ ಕಡೆಗಿತ್ತು. ಗಾಳಿ ಮಾತ್ರ ಮಟಮಾರಿಯ ಧೂಳನ್ನೇ ತಂದು ಹಸಿ ಬಣ್ಣಕ್ಕೆ ಹಚ್ಚಿತು. ಹೆಕ್ಕಿ ತೆಗೆಯಲು ಹೋಗಲಿಲ್ಲ, ಊರಿನ ಪಟದಲ್ಲಿ ಊರಿನ ಮಣ್ಣು ಇರಲಿ.

ಪಟ ಮುಗಿಯುತ್ತ ಬಂದಾಗ ಅಕ್ಕ ಎತ್ತಿದ ಮಾತು ಹೆಸರಿನದು. ನಮ್ಮಲ್ಲಿ ಸ್ಟೀಲ್ ಕೊಡ, ಪರಾತ ಕೊಟ್ಟರೂ ಕೊಟ್ಟವರ ಹೆಸರು, ಊರು, ತಾರೀಖು ಮಷಿನ್ನಿನಲ್ಲಿ ಕೊರೆಸುತ್ತೇವೆ. ಪಟಕ್ಕೂ ಹಾಗೇ ದಪ್ಪಕ್ಷರದಲ್ಲಿ, ಆಕಾಶದ ಮೇಲೆ ಬೇಕಂತೆ. ನನಗೆ ರಾಯಚೂರು ಕೋಟೆಯ ಗೋಡೆ ನೆನಪಾಯಿತು. ಅಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿನ ಮೇಲೆ 1294ರ ಶಾಸನವಿದೆ. ಕೋಟೆ ಕಟ್ಟಿಸಿದವರ ಹೆಸರು ಅದರಲ್ಲಿ ಉಂಟು. ಆ ಕಲ್ಲನ್ನು ಬಂಡಿಯ ಮೇಲೆ ಹೇರಿ, ಸಾಲುಗಟ್ಟಿದ ಕೋಣಗಳು ಎಳೆದು ತರುವ ಗೆರೆಚಿತ್ರವೂ ಗೋಡೆಯಲ್ಲಿದೆ. ಹೋದವರು ನಿಂತು ನೋಡುವುದು ಆ ಕೋಣಗಳನ್ನು. ಅವನ್ನು ಕೆತ್ತಿದವನು ಯಾರೆಂದು ಯಾರೂ ಕೇಳುವುದಿಲ್ಲ.

ಹೆಸರು ದೊಡ್ಡದಾದರೆ ಉಡುಗೊರೆ ಮನೆಯಲ್ಲಿ ನಿಲ್ಲುವುದೂ ಕಷ್ಟ. ಹವ್ಯಾಸಕ್ಕೆ ಚಿತ್ರ ಬರೆಯುತ್ತಿದ್ದ ಚರ್ಚಿಲ್ 1943ರ ಜನವರಿಯಲ್ಲಿ, ಯುದ್ಧದ ನಡುವೆ, ಮರಾಕೇಶಿನ ಮಿನಾರೊಂದನ್ನು ತೈಲವರ್ಣದಲ್ಲಿ ಬರೆದು ರೂಸ್‌ವೆಲ್ಟರಿಗೆ ಕೊಟ್ಟ. ರೂಸ್‌ವೆಲ್ಟ್ ತೀರಿದ ಮೇಲೆ ಮಗ ಅದನ್ನು ಮಾರಿದ. ಕೈಯಿಂದ ಕೈಗೆ ಹೋಗಿ 2021ರಲ್ಲಿ ಲಂಡನ್ನಿನ ಹರಾಜಿನಲ್ಲಿ 70 ಲಕ್ಷ ಪೌಂಡಿಗೆ ಹೋಯಿತು. ನನ್ನ ಪಟಕ್ಕೆ ಆ ಭಯವಿಲ್ಲ. ಮಟಮಾರಿಯ ಒಂದು ಮನೆಯ ಹೊರಗೆ ಅದಕ್ಕೆ ಬೆಲೆಯೇ ಇಲ್ಲ. ಆ ಮನೆಯೊಳಗೆ ಬೆಲೆ ಕಟ್ಟುವವರಿಲ್ಲ.

ಹೆಸರನ್ನು ಕ್ಯಾನ್ವಾಸಿನ ಬೆನ್ನಿಗೆ ಬರೆದೆ. ಅದರ ಕೆಳಗೆ ಯಾರ ಮನೆ, ಯಾವ ವರ್ಷ ಬಿದ್ದದ್ದು, ಯಾವ ಬಣ್ಣ, ಯಾವ ಎಣ್ಣೆ ಎಂಬುದನ್ನೂ ಬರೆದೆ. ಮುಂದೆ ಪಟವನ್ನು ಒರೆಸಿ, ತೊಳೆದು ಮಾಡುವವರಿಗೆ ನನ್ನ ಹೆಸರಿಗಿಂತ ಅದು ಉಪಯೋಗಕ್ಕೆ ಬಂದೀತು.

ಗೃಹಪ್ರವೇಶದ ಸಂಜೆ ಮಾವ ಮುಯ್ಯಿ ಪಟ್ಟಿ ಹಿಡಿದು ಕೂತರು. ಯಾರದು ನೂರೊಂದು, ಯಾರದು ಸೀರೆ, ಯಾರದು ಕೊಡ ಎಲ್ಲವೂ ಸಾಲಾಗಿ ಇಳಿಯಿತು. ನನ್ನ ಸರದಿಗೆ ಪೆನ್ನು ನಿಂತಿತು.

“ಎಷ್ಟಂತ ಬರೀಲಿ?”

“ಬರೀಬ್ಯಾಡ್ರಿ ಮಾವ.”

“ಬರೀದಿದ್ರ ನಾಳೆ ನಿಮ್ಮನಿ ಕಾರ್ಯಕ್ಕ ಏನು ಮಾಡಬೇಕಂತ ಹೆಂಗ ಗೊತ್ತಾಗಬೇಕು?”

ಮಾವನದು ಜಿಪುಣರ ಲೆಕ್ಕವಲ್ಲ. ಕೊಟ್ಟದ್ದನ್ನು ಬರೆದಿಟ್ಟು ಮುಂದೊಮ್ಮೆ ತಿರುಗಿಸುವ ಆ ಪಟ್ಟಿಯಿಂದಲೇ ನಮ್ಮ ಕಡೆ ಮನೆಯಿಂದ ಮನೆಗೆ ಹೋಗಿಬರುವುದು ಉಳಿದಿದೆ. ಪಟ ಕೊಟ್ಟು ನಾನು ಅದರಲ್ಲೊಂದು ತಿರುಗಿಸಲಾಗದ ಸಾಲ ಹಾಕಿಟ್ಟಿದ್ದೆ; ಅವರು ಕುಂಚ ಹಿಡಿಯುವವರಲ್ಲ. ಆ ಮಾತು ಮರೆಸಲು, ಪಟಕ್ಕೆ ಈಗಲೇ ವಾರ್ನಿಷ್ ಹಚ್ಚುವಂತಿಲ್ಲ, ಒಳಗಿನ ಎಣ್ಣೆ ಆರಲು ವರ್ಷ ಬೇಕು, ಆಗ ನಾನೇ ಬಂದು ಹಚ್ಚುತ್ತೇನೆ ಎಂದೆ.

ಅಡುಗೆಮನೆಯಿಂದ ಅಕ್ಕನ ದನಿ ಬಂತು: “ಹಂಗಾರ ಬರಕೋರಿ. ತಮ್ಮಂದು, ವಾರ್ನಿಷ್ ಬಾಕಿ.”

ಮಾವ ಬರೆದುಕೊಂಡರು.