ಅವ್ವನ ಬಣ್ಣ

ಮನುಷ್ಯರು ವಯಸ್ಸಾದಂತೆ ಬಿಳಿಚಿಕೊಳ್ಳುತ್ತಾರೆ; ಹಳೆಯ ಬಣ್ಣದ ಪಟಗಳು ಕೆಂಪೇರುತ್ತವೆ. 1970ರ ದಶಕದ ಕಾಗದದಲ್ಲಿ ಹಸಿರುನೀಲಿ, ನೇರಳೆಗೆಂಪು, ಹಳದಿ ಎಂಬ ಮೂರು ಬಣ್ಣಗಳ ಪದರಗಳಿರುತ್ತಿದ್ದವು. ಟ್ರಂಕಿನ ಕತ್ತಲಲ್ಲಿ ಸಾಮಾನ್ಯವಾಗಿ ಮೊದಲು ಸಾಯುತ್ತಿದ್ದುದು ಹಸಿರುನೀಲಿ; ಉಳಿದಿಬ್ಬರು ಸೇರಿ ಮನೆಯೆಲ್ಲ ಕೆಂಪು ಮಾಡುವರು.

ಸುರಪುರದಲ್ಲಿ 1976ರಲ್ಲಿ ತೆಗೆಸಿದ ನಮ್ಮ ಪಟಕ್ಕೂ ಇದೇ ಗತಿ. ಗುಡ್ಡದ ಮೇಲೆ, ಮೆಡೋಸ್ ಟೇಲರ್ 1840ರ ದಶಕದಲ್ಲಿ ಕಟ್ಟಿಸಿದ ಬಂಗಲೆಯ ಎದುರು ಅಪ್ಪ, ಅಜ್ಜಿ, ಅವ್ವ ನಿಂತಿದ್ದಾರೆ. ಅವ್ವನದೆಂದು ಇರುವ ಬಣ್ಣದ ಪಟ ಅದೊಂದೇ. ಮರುವರ್ಷ ಅವಳು ತೀರಿಕೊಂಡಳು. ನನಗಾಗ ಎಂಟು ವರ್ಷ, ತಮ್ಮ ಆರು ತಿಂಗಳ ಕೂಸು.

ಪಟವನ್ನು ಸ್ಕ್ಯಾನ್ ಮಾಡಿ ತಿದ್ದಲು ಕುಳಿತೆ. ಈ ವಿದ್ಯೆಯ ಗುಟ್ಟೆಲ್ಲ ಬೂದುಬಣ್ಣದಲ್ಲಿದೆ. ಬೂದು ಎಂದರೆ ಕೆಂಪು, ಹಸಿರು, ನೀಲಿ ಮೂರೂ ಸಮ. 0ಯಿಂದ 255ರವರೆಗಿನ ಅಳತೆಯಲ್ಲಿ ಒಂದು 128 ಆದರೆ ಮೂರೂ 128. ನಿಜವಾಗಿ ಬೂದಾಗಿದ್ದ ಒಂದು ವಸ್ತುವನ್ನು ತೋರಿಸಿಕೊಟ್ಟರೆ ಗಣಕವು ಮಿಕ್ಕ ಬಣ್ಣಗಳನ್ನು ಅದಕ್ಕೆ ತಕ್ಕಂತೆ ಸರಿಸುತ್ತದೆ. ತಾನೇ ತಿದ್ದುವ ಗುಂಡಿಯೂ ಒಂದುಂಟು. ಜಗತ್ತಿನ ಬಣ್ಣಗಳ ಸರಾಸರಿ ಬೂದೇ ಎಂದು ನಂಬಿದ ವೇದಾಂತಿ ಅದು! ಅವ್ವನ ಕೆಂಪು ಇಳಕಲ್ ಸೀರೆಯೇ ಅರ್ಧ ಪಟ ತುಂಬಿರುವಾಗ ಅದರ ವೇದಾಂತ ನಡೆಯಲಿಲ್ಲ. ಎಲ್ಲರ ಮುಖಕ್ಕೂ ಪಾಚಿ ಬಳಿಯಿತು.

ಬೂದು ಎಲ್ಲಿ ಹುಡುಕುವುದು? ಅಪ್ಪನ ಧೋತರ ನಂಬುವಂತಿಲ್ಲ. ಅವ್ವ ಅದಕ್ಕೆ ನೀಲಿ ಹಾಕಿ ಒಗೆಯುತ್ತಿದ್ದಳು, ಅದನ್ನು ಸಾಕ್ಷಿಗೆ ಕರೆದರೆ ಚಿತ್ರವೆಲ್ಲ ಹಳದಿ. ಕೊಡೆ ಬಿಸಿಲಿಗೆ ಕಂದಿದೆ. ಗೋಡೆಯ ಸುಣ್ಣ ಮಳೆಗೆ ಹಾವಸೆಗಟ್ಟಿದೆ. ಕಡೆಗೆ ಒದಗಿಬಂದದ್ದು ಅಜ್ಜಿಯ ಹಣೆಯ ಮೇಲಿನ ದಪ್ಪ ವಿಭೂತಿ. ಆಮೇಲೂ ಎರಡು ಸಂಜೆ ಹಿಡಿಯಿತು. ನೆರಳಿನಲ್ಲಿ ಒಂದು ತೆರ, ಬೆಳಕಿನಲ್ಲಿ ಒಂದು ತೆರ ಮಾಸಿರುವುದರಿಂದ ಒಂದೊಂದು ಬಣ್ಣದ ರೇಖೆಯನ್ನೂ ಬೇರೆಬೇರೆಯಾಗಿ ಬಗ್ಗಿಸಬೇಕು. (ಇದಾದರೂ ವಾಸಿ. ಸುರಪುರದ ಹಳೆಯ ಚಿತ್ರಗಾರರು ಹಚ್ಚಿದ ಬಂಗಾರ ಸ್ಕ್ಯಾನರಿನ ದೀಪಕ್ಕೆ ಹೊಳೆಯುವುದೇ ಇಲ್ಲ, ಮಂಕು ಕಂದಾಗಿ ಕಾಣುತ್ತದೆ. ಯಾವ ರೇಖೆ ಬಗ್ಗಿಸಿದರೂ ಆ ಹೊಳಪು ಬಾರದು.)

ಕೆಂಪು ಇಳಿದಾಗ ಅವ್ವ ಎಣ್ಣೆಗಪ್ಪಾಗಿ ಹೊರಬಂದಳು.

“ತುಸು ಕೆಂಪಗಿದ್ದರೆ ಏನು ಕೆಡುತ್ತಿತ್ತು?” ಎಂದಳು ನನ್ನ ಹೆಂಡತಿ. ನಮ್ಮ ಕಡೆ ಕೆಂಪಗಿರುವುದೆಂದರೆ ಚೆಲುವಾಗಿರುವುದು. ಮಾಸಿದ ಬಣ್ಣ ಅವ್ವನಿಗೆ ಇಷ್ಟು ವರ್ಷ ಆ ಉಪಕಾರವನ್ನು ಮಾಡಿತ್ತು. ಸೋದರತ್ತೆ ಮಾತ್ರ ಪಟವನ್ನು ಕಣ್ಣಿನ ಹತ್ತಿರ ಹಿಡಿದು, “ಈಗ ಗುರುತು ಸಿಕ್ಕಳು ನೋಡು” ಎಂದಳು.

ತಮ್ಮ ಬಹಳ ಹೊತ್ತು ನೋಡಿದ. “ಇವರು ಯಾರೋ ಆಗ್ಯಾರ” ಎಂದ. ಅವನಿಗಿದ್ದ ತಾಯಿ ಟ್ರಂಕಿನಿಂದ ತೆಗೆತೆಗೆದು ನೋಡಿದ ಆ ಕೆಂಪು ಹೆಂಗಸೊಬ್ಬಳೇ. ಎಂಟು ವರ್ಷದ ನನ್ನ ನೆನಪನ್ನು ಮುಂದಿಟ್ಟು ಅವನೊಡನೆ ವಾದಿಸಲು ನನಗೆ ಬಾಯಿ ಬರಲಿಲ್ಲ.

ಎರಡನ್ನೂ ಅಚ್ಚು ಹಾಕಿಸಿದೆ. ಅವನು ಕೆಂಪು ಅವ್ವನನ್ನು ಒಯ್ದ. ಕಪ್ಪು ಅವ್ವ ನಮ್ಮ ಮನೆಯಲ್ಲಿದ್ದಾಳೆ. ಬಿಸಿಲು ತಾಗದ ಗೋಡೆ ನೋಡಿ ತೂಗುಹಾಕಿದ್ದೇನೆ.