ಹಳೇ ಚಂದಮಾಮಕ್ಕೆ ರೇಟು ಎಷ್ಟು?

“ಅಣ್ಣ, ಹಳೇ ಚಂದಮಾಮಕ್ಕೆ ಲಕ್ಷ ರೂಪಾಯಿ ಕೊಡ್ತಾರಂತೆ, ಹೌದಾ?”

ತಿಂಗಳಿಗೆ ನಾಲ್ಕೈದು ಸಲವಾದರೂ ನಮಗೆ ಈ ಫೋನು ಬರುತ್ತದೆ. ನಂಜನಗೂಡು ಕಡೆಯಿಂದ, ಹುಣಸೂರಿನಿಂದ, ಒಮ್ಮೆ ಗಡಿಯಾಚೆ ತಾಳವಾಡಿಯಿಂದಲೂ ಬಂದಿತ್ತು. ಕೇಳುವವರ ದನಿಯಲ್ಲಿ ಅರ್ಧ ಆಸೆ, ಅರ್ಧ ಅನುಮಾನ. ನಾವು ಇಲ್ಲ ಎನ್ನುತ್ತೇವೆ. ಹಾಗಂತ ಗುಜರಿಗೆ ಹಾಕಬೇಡಿ ಎಂದೂ ಹೇಳುತ್ತೇವೆ. ಈ ಎರಡು ಮಾತಿನ ನಡುವೆ ಇರುವುದನ್ನು ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇವೆ.

ನಾವು ಮೂವರು ಪತ್ರಿಕೋದ್ಯಮ ಓದಿ, ಮೈಸೂರಿನ ಕುವೆಂಪುನಗರದಲ್ಲಿ ಒಂದು ರೂಮು ಮಾಡಿಕೊಂಡಿರುವವರು. ವರದಿ ಬರೆದು ಬರುವ ದುಡ್ಡು ಬಾಡಿಗೆಗೆ ಸಾಲುವುದಿಲ್ಲ. ನಾಲ್ಕು ವರ್ಷದಿಂದ ಹಳೇ ಕಾಮಿಕ್ಸು, ಮಕ್ಕಳ ಪತ್ರಿಕೆಗಳನ್ನು ಫೋನಿನಲ್ಲೇ ಮಾರಿಸುವ ಕೆಲಸವನ್ನೂ ಮಾಡುತ್ತಿದ್ದೇವೆ. ಅಂಗಡಿ ಇಲ್ಲ, ಬೋರ್ಡಿಲ್ಲ. ಭಾನುವಾರ ರಾತ್ರಿ ಒಂಬತ್ತಕ್ಕೆ ವಾಟ್ಸಾಪ್ ಗುಂಪಿನಲ್ಲಿ ಫೋಟೋ, ರೇಟು ಎರಡನ್ನೂ ಹಾಕುತ್ತೇವೆ. ಮೊದಲು ‘ಬುಕ್’ ಎಂದು ಬರೆದವರಿಗೆ ಪುಸ್ತಕ. ಕೊಳ್ಳುವವರಲ್ಲಿ ಬೆಂಗಳೂರಿನ ಸಾಫ್ಟ್‌ವೇರ್‌ನವರಿದ್ದಾರೆ, ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ, ಅಮೆರಿಕದಲ್ಲಿರುವ ಒಂದಿಬ್ಬರಿದ್ದಾರೆ. ಹೆಚ್ಚಿನವರಿಗೆ ನಲವತ್ತೈದು ದಾಟಿದೆ. ಚಿಕ್ಕಂದಿನಲ್ಲಿ ಯಾರದೋ ಮನೆಯಲ್ಲಿ ಓದಿದ ಧಾರಾವಾಹಿಯ ಮುಂದಿನ ಕಂತನ್ನು ಐವತ್ತನೇ ವಯಸ್ಸಿನಲ್ಲಿ ಹುಡುಕುತ್ತಿರುವವರೂ ಇದ್ದಾರೆ.

ಲಕ್ಷದ ಮಾತು ಎಲ್ಲಿಂದ ಬಂತು? ಅಮೆರಿಕದಿಂದ. ಅದು ಸುಳ್ಳೂ ಅಲ್ಲ. 2025ರ ನವೆಂಬರ್‌ನಲ್ಲಿ ಅಲ್ಲಿ ‘ಸೂಪರ್‌ಮ್ಯಾನ್’ ಮೊದಲ ಸಂಚಿಕೆಯ ಒಂದು ಪ್ರತಿ 91 ಲಕ್ಷ 20 ಸಾವಿರ ಡಾಲರಿಗೆ ಹರಾಜಾಯಿತು. ನಮ್ಮ ಲೆಕ್ಕದಲ್ಲಿ ಸುಮಾರು 80 ಕೋಟಿ ರೂಪಾಯಿ. 1939ರಲ್ಲಿ ಅದರ ಬೆಲೆ ಹತ್ತು ಸೆಂಟು. ಮೂವರು ಅಣ್ಣತಮ್ಮಂದಿರು ತೀರಿಹೋದ ತಾಯಿಯ ಮನೆಯ ಅಟ್ಟ ಹುಡುಕುವಾಗ ಹಳೇ ಪೇಪರಿನ ಕೆಳಗೆ ಸಿಕ್ಕಿದ ಪುಸ್ತಕ ಅದು. ಈ ಸುದ್ದಿ ಮೊಬೈಲಿನಲ್ಲಿ ಓಡಾಡಿದ ವಾರ ನಮಗೆ ಬಂದ ಫೋನುಗಳಿಗೆ ಲೆಕ್ಕವಿಲ್ಲ. ನಮ್ಮೂರುಗಳಲ್ಲೂ ಅಟ್ಟ ಇದೆ, ತಾಯಂದಿರು ಕಟ್ಟಿಟ್ಟ ಗಂಟುಗಳೂ ಇವೆ. ಇಲ್ಲದ್ದು ಆ ಹರಾಜಿನ ಕಂಪನಿಗಳು, ಪುಸ್ತಕಕ್ಕೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಕೊಡುವ ಸಂಸ್ಥೆಗಳು, ಒಂದು ಪುಸ್ತಕಕ್ಕೆ ಹೊಲದ ಬೆಲೆ ಕೊಡುವ ಶ್ರೀಮಂತರು. ಕನ್ನಡದ ಪುಸ್ತಕಕ್ಕೆ ಬೆಲೆ ಕಟ್ಟುವವರು ನಮಗೆ ಗೊತ್ತಿರುವಂತೆ ಇನ್ನೂರು ಮುನ್ನೂರು ಜನ. ಸಂಬಳದಲ್ಲಿ ಮಿಗಿಸಿ ಕೊಳ್ಳುವವರು.

ಹಳೇ ನಾಣ್ಯದ ಮೋಸ ನಿಮಗೆ ನೆನಪಿರಬಹುದು. ಎರಡು ರೂಪಾಯಿ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ತೆರಿಗೆ ಕಟ್ಟಿ, ಕಮಿಷನ್ ಕಟ್ಟಿ ಎಂದು ಜನರನ್ನು ಸುಲಿದರು. ರಿಸರ್ವ್ ಬ್ಯಾಂಕ್ ಹೆಸರನ್ನೇ ಬಳಸಿ ನಡೆದ ಈ ಆಟದ ಬಗ್ಗೆ 2021ರ ಆಗಸ್ಟ್‌ನಲ್ಲಿ ಬ್ಯಾಂಕೇ ಪ್ರಕಟಣೆ ಹೊರಡಿಸಿ ಎಚ್ಚರಿಸಬೇಕಾಯಿತು. ಅದೇ ಆಟ ಈಗ ಪುಸ್ತಕಕ್ಕೂ ಬಂದಿದೆ.

ನಮ್ಮ ಕಡೆ ಕೈಬದಲಾಗುವುದು ಮುಖ್ಯವಾಗಿ ಎರಡು ಸರಕು. ಒಂದು ಚಂದಮಾಮ. ಅದು ಪೂರ್ತಿ ಕಾಮಿಕ್ಸ್ ಅಲ್ಲ ಎಂದು ವಾದಿಸುವವರಿದ್ದಾರೆ. ಆದರೆ ಕೊಳ್ಳುವವರು ಕೊಳ್ಳುವುದು ಚಿತ್ರಕ್ಕೇ. 1947ರ ಜುಲೈನಲ್ಲಿ ಮದ್ರಾಸಿನಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ ಬೇಗನೆ ಕನ್ನಡಕ್ಕೂ ಬಂತು. ಎಂ.ಟಿ.ವಿ. ಆಚಾರ್ಯರ ಮುಖಪುಟವಿರುವ ಹಳೆಯ ಸಂಚಿಕೆ ಎಂದರೆ ಒಂದೇ ನಿಮಿಷದಲ್ಲಿ ಐದು ಜನ ‘ಬುಕ್’ ಬರೆಯುತ್ತಾರೆ. ಹೆಗಲ ಮೇಲೆ ಬೇತಾಳನನ್ನು ಹೊತ್ತು ನಡೆಯುವ ವಿಕ್ರಮನನ್ನು ಬಿಡಿಸಿದ ಶಂಕರ್ 2020ರಲ್ಲಿ ತೀರಿಕೊಂಡಾಗ ಆ ಸಂಚಿಕೆಗಳನ್ನೂ ಜನ ಹುಡುಕಿದರು. ಪತ್ರಿಕೆ ನಿಂತು ಹತ್ತು ವರ್ಷದ ಮೇಲಾಯಿತು. ಇನ್ನು ಹೊಸದು ಬರುವುದಿಲ್ಲ, ಇದ್ದದ್ದು ಹುಳ ತಿನ್ನುತ್ತಿದೆ.

ಇನ್ನೊಂದು ಅಮರ ಚಿತ್ರ ಕಥೆ. ಇದರಲ್ಲಿ ಕನ್ನಡದವರು ಹೆಮ್ಮೆಪಡಬಹುದಾದ ಒಂದು ಕಥೆಯಿದೆ, ನಮ್ಮವರಿಗೇ ಹೆಚ್ಚು ಗೊತ್ತಿಲ್ಲ. ಅಮರ ಚಿತ್ರ ಕಥೆ ಎಂದರೆ ಎಲ್ಲರೂ ಕಾರ್ಕಳದಲ್ಲಿ ಹುಟ್ಟಿ ಮುಂಬೈಯಲ್ಲಿ ದುಡಿದ ಅನಂತ್ ಪೈ ಅವರ ಹೆಸರು ಹೇಳುತ್ತಾರೆ. ಹೇಳಬೇಕಾದ್ದೇ. ಆದರೆ ಆ ಹೆಸರಿನ ಮೊದಲ ಪುಸ್ತಕಗಳು ಬಂದದ್ದು ಕನ್ನಡದಲ್ಲಿ. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ 1965ರಲ್ಲಿ ಸಿಂಡರೆಲಾ, ಸ್ನೋ ವೈಟ್‌ನಂಥ ಪರದೇಶದ ಮಕ್ಕಳ ಕಥೆಗಳು ಕನ್ನಡದಲ್ಲಿ ಅಚ್ಚಾದವು. ಚೆನ್ನಾಗಿ ಮಾರಾಟವಾದವು. ಆಮೇಲೆ ಮುಂಬೈಯವರು ಇಂಗ್ಲಿಷಿಗೆ ಕೈಹಾಕಿದರು. ಮೊದಲ ಹತ್ತು ಸಂಖ್ಯೆ ಈ ಕಥೆಗಳಿಗೇ ಹೋಗಿದ್ದರಿಂದ ಇಂಗ್ಲಿಷಿನ ‘ಕೃಷ್ಣ’ದ ಮೇಲೆ 11 ಎಂದಿರುತ್ತದೆ. ಈ ಹತ್ತು ಕನ್ನಡ ಪುಸ್ತಕಗಳೇ ನಮ್ಮ ಕಸುಬಿನ ನಿಧಿ. ಮುಖಪುಟ ಸಹಿತ ಒಂದೇ ಒಂದು ಪ್ರತಿಯನ್ನೂ ನಾವು ಇಲ್ಲಿಯವರೆಗೆ ಕೈಯಲ್ಲಿ ಹಿಡಿದಿಲ್ಲ.

ಯಾಕೆ ಉಳಿಯಲಿಲ್ಲ? ಓದಿದರು, ಅದಕ್ಕೇ. ಒಂದು ಪುಸ್ತಕ ಒಂದು ಬೀದಿಯನ್ನೆಲ್ಲ ಸುತ್ತಿ ಬರುತ್ತಿತ್ತು. ಮುಖಪುಟ ನೋಟ್‌ಬುಕ್ಕಿನ ರಟ್ಟಾಯಿತು. ಒಳಗಿನ ಚಿತ್ರ ಕತ್ತರಿಸಿ ಶಾಲೆಯ ಚಾರ್ಟಿಗೆ ಅಂಟಿಸಿದರು. ಉಳಿದದ್ದು ಕಡಲೆಕಾಯಿ ಪೊಟ್ಟಣಕ್ಕೆ.

ರೇಟು ಹೇಗೆ ನಿಲ್ಲುತ್ತದೆ ಎಂದು ಕೇಳಿದರೆ, ಹಳೆಯದು ಎಂಬುದೊಂದೇ ಸಾಲದು. ಮೊದಲು ನಡುಪುಟ ಇದೆಯೇ ನೋಡಿ. ಪಿನ್ನು ತುಕ್ಕು ಹಿಡಿದರೆ ಮೊದಲು ಕಳಚಿಕೊಳ್ಳುವುದು ಅದೇ. ಅಮರ ಚಿತ್ರ ಕಥೆಯಾದರೆ ಒಳಗೋ ಹಿಂಬದಿಯಲ್ಲೋ ಪ್ರಕಟವಾದ ಪುಸ್ತಕಗಳ ಪಟ್ಟಿ ಇರುತ್ತದೆ. ನಿಮ್ಮ ಪುಸ್ತಕದ ಸಂಖ್ಯೆ 40, ಪಟ್ಟಿ 200ರ ತನಕ ಹೋಗಿದೆ ಎಂದರೆ ಅದು ಮರುಮುದ್ರಣ. ಪಟ್ಟಿ 40ರ ಆಸುಪಾಸಿನಲ್ಲೇ ನಿಂತಿದ್ದರೆ ಮೊದಲ ಮುದ್ರಣ ಇರಬಹುದು. ಇಂಗ್ಲಿಷ್ ಪುಸ್ತಕದ ಮೇಲೆ 501, 502 ಎಂದಿದ್ದರೆ ಅದು ಆಮೇಲಿನ ದಪ್ಪ ರಟ್ಟಿನದು, ಅದಕ್ಕೆ ನಮ್ಮಲ್ಲಿ ಗಿರಾಕಿ ಕಡಿಮೆ. ಹನ್ನೆರಡು ಸಂಚಿಕೆ ಸೇರಿಸಿ ಅಂಚು ಕತ್ತರಿಸಿ ಬೈಂಡ್ ಮಾಡಿಸಿದ್ದರೆ ಓದಲು ಚೆಂದ, ಸಂಗ್ರಹಕಾರರು ಮುಖ ತಿರುಗಿಸುತ್ತಾರೆ. ಸೆಲ್ಲೋಟೇಪ್ ಅಂಟಿಸಿದರಂತೂ ಮುಗಿಯಿತು. ಹರಿದದ್ದು ಹರಿದಂತೆಯೇ ಇರಲಿ. ಪುಟದ ಮೇಲೆ ಪೆನ್ನಿನಲ್ಲಿ ಬರೆದಿದ್ದರೂ ಬೆಲೆ ಇಳಿಯುತ್ತದೆ.

ಈ ಕೊನೆಯ ಮಾತನ್ನು ನಂಜನಗೂಡು ತಾಲ್ಲೂಕಿನ ಒಂದು ಮನೆಯಲ್ಲಿ ಹೇಳಬೇಕಾಗಿ ಬಂದಾಗ ನಮಗೆ ಬಾಯಿ ಬರಲಿಲ್ಲ.

ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದವರ ಮನೆ. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಟ್ರಂಕಿನಲ್ಲಿ 96 ಚಂದಮಾಮ, 34 ಕನ್ನಡದ ಅಮರ ಚಿತ್ರ ಕಥೆ. ಅಡಿಗೆಮನೆಯ ಮಾಡು ಸೋರುತ್ತಿತ್ತು. ಹೆಂಚು ತೆಗೆದು ಶೀಟು ಹಾಕಿಸಬೇಕು, ಇಡೀ ಮನೆಗಾದರೆ ನಲವತ್ತು ಸಾವಿರ ಅಂದಿದ್ದರಂತೆ. ಗುಜರಿಯವನು ಟ್ರಂಕಿನ ಸರಕಿಗೆ ಕೆಜಿಗೆ ಹದಿನೈದು ರೂಪಾಯಿ ಹೇಳಿ ಹೋಗಿದ್ದ. ಅದೇ ವಾರ ಅಜ್ಜಿಯ ಮೊಮ್ಮಗ ಫೇಸ್‌ಬುಕ್ಕಿನಲ್ಲಿ ಫೋಟೋ ಹಾಕಿದ್ದಕ್ಕೆ ಒಬ್ಬ ಫೋನು ಮಾಡಿ, ನಾಲ್ಕೂವರೆ ಲಕ್ಷಕ್ಕೆ ಎಲ್ಲವನ್ನೂ ತಗೋತೀನಿ, ಪರ್ಮಿಟ್ ಫೀಸು 2,650 ರೂಪಾಯಿ ಮೊದಲು ಹಾಕು ಅಂದಿದ್ದಾನೆ. ಕಂಪನಿಯ ಗುರುತಿನ ಚೀಟಿಯ ಫೋಟೋವನ್ನೂ ಕಳಿಸಿದ್ದಾನೆ. ಹುಡುಗ ಪಕ್ಕದ ಮನೆಯಲ್ಲಿ ಸಾಲ ಕೇಳಲು ಹೋದಾಗ, ಆ ಮನೆಯವರು ನಮ್ಮ ನಂಬರು ಕೊಟ್ಟರು.

ನಾವು ಹೋಗಿ ಜಗಲಿಯ ಮೇಲೆ ಪುಸ್ತಕ ಹರಡಿಕೊಂಡು ಒಂದೊಂದನ್ನೇ ಪಟ್ಟಿ ಮಾಡಿದೆವು. ಸಂಜೆಯ ಹೊತ್ತಿಗೆ ನಮ್ಮ ಅಂದಾಜು ಹದಿನೈದರಿಂದ ಹದಿನೆಂಟು ಸಾವಿರ. ನಾಲ್ಕೂವರೆ ಲಕ್ಷ ಕೇಳಿ ಎರಡು ರಾತ್ರಿ ನಿದ್ದೆಗೆಟ್ಟಿದ್ದ ಮನೆಯಲ್ಲಿ ಹದಿನೈದು ಸಾವಿರ ಅನ್ನುವುದು ಸುಲಭದ ಮಾತಲ್ಲ. ಹುಡುಗನ ಕಣ್ಣಲ್ಲಿ ನಾವೇ ಕಳ್ಳರು. ಅವನ ಅನುಮಾನ ನ್ಯಾಯವಾದದ್ದು. ರೇಟು ಗೊತ್ತಿರುವವನೇ ಕೊಳ್ಳುವವನೂ ಆದರೆ ಅವನ ಮಾತನ್ನು ಯಾಕೆ ನಂಬಬೇಕು? ಗುಜರಿಯವನೂ ರೇಟು ಹೇಳಿಯೇ ಕೊಳ್ಳಲು ಬಂದದ್ದು.

ಹಾಗಾಗಿ ಆ ಜಗಲಿಯಲ್ಲೇ ಒಂದು ಕರಾರು ಮಾಡಿಕೊಂಡೆವು. ನಾವು ಕೊಳ್ಳುವುದಿಲ್ಲ, ಮಾರಿಕೊಡುತ್ತೇವೆ. ಗಿರಾಕಿ ಬರೆದ ಮೆಸೇಜು, ಬಂದ ದುಡ್ಡು ಎರಡರ ಸ್ಕ್ರೀನ್‌ಶಾಟೂ ಹುಡುಗನಿಗೆ. ನಮಗೆ ನೂರಕ್ಕೆ ಹತ್ತು. ಅಂಚೆ ಖರ್ಚು ಕೊಂಡವರದು. ಅಂದಿನಿಂದ ಹಳ್ಳಿಯ ಮನೆಗಳ ಪುಸ್ತಕಕ್ಕೆಲ್ಲ ಇದೇ ಪದ್ಧತಿ. ಲಾಭ ಕಡಿಮೆ, ನಿದ್ದೆ ಚೆನ್ನಾಗಿ ಬರುತ್ತದೆ.

ಪಟ್ಟಿ ಮಾಡುವಾಗ ಒಂದು ವಿಷಯ ಎದ್ದು ಕಂಡಿತ್ತು. 31 ಚಂದಮಾಮಗಳ ಹಿಂದಿನ ರಟ್ಟಿನ ಒಳಗಡೆ ನೀಲಿ ಶಾಯಿಯಲ್ಲಿ ಹೆಸರುಗಳು. ಒಂದೊಂದರಲ್ಲೂ ಹತ್ತು ಹದಿನೈದು. ಪಕ್ಕದಲ್ಲಿ ತಾರೀಖು, ಅದರ ಪಕ್ಕ ಒಂದು ಟಿಕ್ಕು. ಮೇಷ್ಟ್ರು ಶಾಲೆಯ ಮಕ್ಕಳಿಗೆ ಮನೆಗೆ ಕೊಟ್ಟು, ವಾಪಸು ಬಂದದ್ದಕ್ಕೆ ಗುರುತು ಹಾಕಿದ್ದರು. ಕೆಲವು ಹೆಸರಿನ ಮುಂದೆ ಟಿಕ್ಕಿಲ್ಲ. ಆದರೂ ಪುಸ್ತಕ ಟ್ರಂಕಿನಲ್ಲಿದೆ, ಹೇಗೋ ಬಂದಿರಬೇಕು.

ಬರೆದ ಪುಸ್ತಕಕ್ಕೆ ಅರ್ಧ ಬೆಲೆಯೂ ಬರುವುದಿಲ್ಲ ಎಂದೆವು. ಅಜ್ಜಿ ಅಲ್ಲಿಯವರೆಗೆ ಸುಮ್ಮನೆ ಕೂತಿದ್ದವರು, “ಹೆಸ್ರು ಬರ್ದಿರೋದು ಗಲೀಜಾ? ನಮ್ಮ ಯಜಮಾನ್ರು ಬರ್ದಿರೋದು ಕಣ್ರಪ್ಪ ಅದು” ಎಂದರು. ಆಮೇಲೆ ಒಂದು ಪುಸ್ತಕ ತೆಗೆದುಕೊಂಡು ಹೆಸರುಗಳನ್ನು ಬೆರಳಿಟ್ಟು ಓದಿಸಿ ಕೇಳಿದರು. ಇವನು ಈಗ ಕೆಎಸ್ಸಾರ್ಟಿಸಿ ಡ್ರೈವರು. ಇವಳು ಗುಂಡ್ಲುಪೇಟೆಗೆ ಮದುವೆಯಾಗಿ ಹೋದಳು. ಇವನು ಇಲ್ಲ, ಕೆರೆಯಲ್ಲಿ ಹೋದ. ಆ 31ನ್ನು ಅವರು ಮಾರಲಿಲ್ಲ. ಮಾರಿ ಎಂದು ನಾವೂ ಒತ್ತಾಯ ಮಾಡಲಿಲ್ಲ. ಮಾರಿದ್ದರೆ ಒಂದೆರಡು ಸಾವಿರ ಬರುತ್ತಿತ್ತು, ಆ ಮನೆಗೆ ಅದು ಸಣ್ಣ ದುಡ್ಡಲ್ಲ ಎಂಬುದೂ ನಮಗೆ ಗೊತ್ತು.

ಉಳಿದ 65ರಲ್ಲಿ 12ಕ್ಕೆ ನಡುಪುಟವೇ ಇರಲಿಲ್ಲ. 53 ಚಂದಮಾಮ ಸರಾಸರಿ 140 ರೂಪಾಯಿಯಂತೆ ಹೋದವು, 7,420. ಅಮರ ಚಿತ್ರ ಕಥೆಯಲ್ಲಿ 22 ಪುಸ್ತಕ 250ರಂತೆ, 5,500. ಹಿಂಬದಿಯ ಪಟ್ಟಿ ಅಲ್ಲಲ್ಲೇ ನಿಂತಿದ್ದ ನಾಲ್ಕು ಪುಸ್ತಕ 900ರಂತೆ, 3,600. ಒಟ್ಟು 16,520. ನಮ್ಮ ಪಾಲು ಕಳೆದು ಅಜ್ಜಿಯ ಕೈಗೆ 14,868. ಎರಡು ತಿಂಗಳು ಹಿಡಿಯಿತು. ಅಡಿಗೆಮನೆಗೆ ಶೀಟು ಬಂತು, ನಡುಮನೆಗೆ ಇಲ್ಲ. ಎಂಟು ಅಮರ ಚಿತ್ರ ಕಥೆ ಇನ್ನೂ ನಮ್ಮ ರೂಮಿನಲ್ಲಿದೆ, ಗಿರಾಕಿ ಬಂದಿಲ್ಲ.

ಮಾರುವವರಿಗೆ ನಾವು ಫೋನಿನಲ್ಲಿ ಹೇಳುವ ಉಳಿದ ಮಾತು ಇಷ್ಟು. ದುಡ್ಡು ತೆಗೆದುಕೊಳ್ಳಲು ಯುಪಿಐ ಪಿನ್ ಒತ್ತಬೇಕಾಗಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಾಗಿಲ್ಲ. ಎರಡೂ ಕೊಡುವವನ ಕೆಲಸ. ಕೊಳ್ಳುವವನು ನಿಮ್ಮಿಂದ ಮುಂಗಡ ಕೇಳಿದರೆ ಅವನು ಕೊಳ್ಳುವವನಲ್ಲ. ದುಡ್ಡು ಹೋಗೇಬಿಟ್ಟಿದ್ದರೆ ನಾಚಿಕೆಪಟ್ಟು ಕೂರಬೇಡಿ, ತಕ್ಷಣ 1930ಕ್ಕೆ ಫೋನು ಮಾಡಿ. ತಡವಾದಷ್ಟೂ ದುಡ್ಡು ಕೈಯಿಂದ ಕೈಗೆ ದಾಟಿಬಿಡುತ್ತದೆ.

ಪುಸ್ತಕ ಕಳಿಸುವಾಗ ಎರಡೂ ಬದಿಗೆ ಗಟ್ಟಿ ರಟ್ಟು, ಅದರ ಮೇಲೆ ಪ್ಲಾಸ್ಟಿಕ್ ಕವರು, ಮಳೆಗಾಲವಾದರೆ ಎರಡು ಕವರು. ಪ್ಯಾಕ್ ಮಾಡುವುದನ್ನು ಮೊಬೈಲಿನಲ್ಲಿ ವಿಡಿಯೋ ತೆಗೆದಿಡಿ, ಖಾಲಿ ಪಾರ್ಸೆಲ್ ಬಂತು ಎನ್ನುವವರಿದ್ದಾರೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ. ಪುಸ್ತಕಗಳಿಗೆಂದು ‘ಜ್ಞಾನ ಪೋಸ್ಟ್’ ಎಂಬ ಅಗ್ಗದ ಸೇವೆಯೂ ಅದೇ ವರ್ಷ ಮೇ ತಿಂಗಳಲ್ಲಿ ಬಂತು. ಆದರೆ ಚಂದಮಾಮದಂಥ ನಿಯತಕಾಲಿಕೆಗಳು ಅದರಲ್ಲಿ ಹೋಗುವುದಿಲ್ಲ.

ಹಳೇ ಪುಸ್ತಕ ಮಾರುವುದು ನಿಮ್ಮ ಹಕ್ಕು. ಅದನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಅನ್ನು ಹತ್ತು ರೂಪಾಯಿಗೆ ಮಾರುವುದು ಬೇರೆ ಮಾತು, ಅಮರ ಚಿತ್ರ ಕಥೆಗೆ ಇವತ್ತಿಗೂ ಮಾಲೀಕರಿದ್ದಾರೆ. ಬರೀ ಓದುವ ಆಸೆಯಿದ್ದವರು ದುಡ್ಡು ಕೊಡಬೇಕಾಗಿಲ್ಲ, ಚಂದಮಾಮದ ಎಷ್ಟೋ ಹಳೇ ಸಂಚಿಕೆಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸುಮ್ಮನೆ ಓದಲು ಸಿಗುತ್ತವೆ.

ಮೈಸೂರಿನ ಹಳೇ ಮನೆಗಳಲ್ಲಿ ಟ್ರಂಕು ತೆರೆದರೆ ಕೆಲವೊಮ್ಮೆ ‘ಕೊರವಂಜಿ’ಯೂ ಸಿಗುತ್ತದೆ, ಮಹಾರಾಜ ಕಾಲೇಜಿನಲ್ಲಿ ಓದಿದ ಆರ್.ಕೆ. ಲಕ್ಷ್ಮಣ್ ವ್ಯಂಗ್ಯಚಿತ್ರ ಬರೆದುಕೊಟ್ಟ ಪತ್ರಿಕೆ. ಅದರ ಗಿರಾಕಿಗಳು ಬೇರೆ, ಅದರ ಕಥೆ ಇನ್ನೊಮ್ಮೆ.

ನಿಮ್ಮ ಅಟ್ಟದಲ್ಲಿ ಕನ್ನಡದ ಸಿಂಡರೆಲಾ, ಸ್ನೋ ವೈಟ್ ಚಿತ್ರಕಥೆ ಸಿಕ್ಕಿ, ಮೇಲೆ 1ರಿಂದ 10ರೊಳಗಿನ ಸಂಖ್ಯೆ ಕಂಡರೆ ಒರೆಸಬೇಡಿ, ಅಂಟಿಸಬೇಡಿ. ನೆರಳಿನಲ್ಲಿಟ್ಟು ಮುಂದೆ, ಹಿಂದೆ, ನಡುಪುಟ, ಮೂರು ಫೋಟೋ ತೆಗೆಯಿರಿ. ನಮಗೆ ಕಳಿಸಿ. ನಮ್ಮ ಗುರುತಿಲ್ಲದ ಇನ್ನೊಬ್ಬರಿಗೂ ಕಳಿಸಿ, ಇಬ್ಬರೂ ಹೇಳಿದ ರೇಟು ಕೇಳಿದ ಮೇಲೆ ಮಾತಾಡೋಣ.